ಕೊಚ್ಚಿ ಸಿನಗಾಗ್ ಗೋಡೆದಾಗಿನ ಕಲ್ಲು, ನಮ್ಮ ಕಡೆ ಬಾವಿ ದಂಡಿ ಕಲ್ಲು

ಸಂಪಾದಕರಿಗೆ ನಮಸ್ಕಾರ ರೀ,

ಹಂಪಿ ಬಗ್ಗೆ ನಿಮ್ಮ ಪೇಪರ್‌ನಾಗ ಆಗಾಗ ಏನಾದ್ರೂ ಬರ್ತಿರ್ತೈತಿ, ತಪ್ಪದಂಗ ಓದ್ತೀನಿ. ಆದ್ರ ತುಂಗಭದ್ರಾ ಹೊಳಿ ದಾಟಿ ಈ ಕಡೆ ಬಂದ್ರ ಗಂಗಾವತಿ, ಕೊಪ್ಪಳ, ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆ ಹಳ್ಳಿ ಹಳ್ಳಿಗೆ ಶಾಸನದ ಕಲ್ಲು ಅದಾವು, ಅಗಸಿ ಮುಂದ, ಬಾವಿ ದಂಡಿಗೆ, ಹೊಲದ ಬದುವಿನ್ಯಾಗ, ಅವುಗಳ ಬಗ್ಗೆ ಒಂದು ಮಾತು ಬರಂಗಿಲ್ಲ. ಅದಕ್ಕ ಈ ಪತ್ರ. ಸ್ವಲ್ಪ ಉದ್ದ ಆಗ್ತೈತಿ, ದಯವಿಟ್ಟು ಕತ್ತರಿ ಹಾಕದ ಛಾಪಿಸ್ರಿ. ಮಾತು ಕೊಚ್ಚಿಯ ಯಹೂದಿಗಳ ಪ್ರಾರ್ಥನಾ ಮಂದಿರದಿಂದ, ಅದಕ್ಕ ಸಿನಗಾಗ್ ಅಂತಾರ, ಶುರು ಮಾಡ್ತೀನಿ, ಕೊಪ್ಪಳದವ ಕೊಚ್ಚಿ ಬಗ್ಗೆ ಯಾಕ ಬರೀತಾನ ಅನ್ಬ್ಯಾಡ್ರಿ, ಪೂರ್ತಿ ಓದ್ರಿ.

ನಾನು ಗಂಗಾವತಿದಾಗ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರಿಯೋ ಗುಮಾಸ್ತ. ಈ ಸಲ ಅಯ್ಯಪ್ಪನ ಮಾಲಿ ಹಾಕ್ಕೊಂಡು ನಮ್ಮ ಗುರುಸ್ವಾಮಿಗಳ ಜೋಡಿ ಟಿಟಿ ಮಾಡ್ಕೊಂಡು ಶಬರಿಮಲೆಗೆ ಹೋಗಿದ್ವಿ, ದರ್ಶನ ಆದ ಮ್ಯಾಲ ಗುರುವಾಯೂರಿಗೆ ಹೊಂಟಾಗ ನಡುವ ಕೊಚ್ಚಿ ಬಂತು. ಅಲ್ಲಿ ಹಳೇ ಸಿನಗಾಗ್ ಐತಿ, ನೋಡ್ಕೊಂಡು ಹೋಗೋಣು ಅಂತ ನಾನ ಅಂದೆ. ಮಾಲಿ ಕೊರಳಾಗ ಇದ್ದಾಗ ಬ್ಯಾರೆ ಧರ್ಮದ ಗುಡಿಗೆ ಹೋಗಬಹುದೇನು ಅಂತ ಒಬ್ಬ ಕನ್ನಿಸ್ವಾಮಿ ಕೇಳಿದ. ಗುರುಸ್ವಾಮಿಗಳು ಅಂದ್ರು, ಎರುಮೇಲಿದಾಗ ವಾವರ್ ಮಸೂತಿಗೆ ಕೈ ಮುಗಿದು ಪ್ರದಕ್ಷಿಣಿ ಹಾಕೇ ಬೆಟ್ಟ ಹತ್ತೀವಲ್ಲೋ, ಇಲ್ಲಿ ಯಾಕ ಹಿಂದ ಮುಂದ ನೋಡ್ತಿ. ಅಲ್ಲಿಗೆ ಮಾತು ಮುಗೀತು.

ಮಟ್ಟಾಂಚೇರಿ ಅಂತ ಓಣಿ. ಎರಡೂ ಕಡೆ ಹಳೇ ಗೋಡೌನು, ಮೆಣಸು ಒಣಶುಂಠಿ ಏಲಕ್ಕಿ ವಾಸನಿ, ಈಗ ಅರ್ಧಕ್ಕರ್ಧ ಟೂರಿಸ್ಟರ ಅಂಗಡಿ ಆಗ್ಯಾವು. ಓಣಿ ತುದಿಗೆ ಗಡಿಯಾರದ ಗೋಪುರ, 1760ರದ್ದು, ಅದರ ಬ್ಯಾರೆ ಬ್ಯಾರೆ ಮುಖದ ಮ್ಯಾಲ ಹೀಬ್ರೂ, ರೋಮನ್, ಮಲಯಾಳಂ ಅಂಕಿ ಬರದಾರ. ಅದರ ಮಗ್ಗಲಕ್ಕ ಪರದೇಶಿ ಸಿನಗಾಗ್, 1568ರಾಗ ಕಟ್ಟಿದ್ದು. ಅಲ್ಲಿ ಮಂದಿ ಇದಕ್ಕ ಜೂದಪಳ್ಳಿ ಅಂತಾರ. ಶುಕ್ರವಾರ ಮಧ್ಯಾಹ್ನದ ಮ್ಯಾಲ ಮತ್ತ ಶನಿವಾರ ಬಂದ್ ಇರ್ತೈತಿ, ಯಹೂದಿಗಳಿಗೆ ಅದು ಸಬ್ಬತ್ ದಿನ, ಹೋಗೋರು ಇದೊಂದು ನೆನಪಿಟ್ಕೊಳ್ರಿ. ಕೊಚ್ಚಿ ಅರಸ ತನ್ನ ಅರಮನಿ ಪಕ್ಕದಾಗ, ಅರಮನಿ ಗುಡಿಗೆ ಹತ್ತಿಕೊಂಡೇ ಇವರಿಗೆ ಜಾಗ ಕೊಟ್ಟಾನ. ಪೋರ್ಚುಗೀಸರು 1662ರಾಗ ಹಾಳು ಮಾಡಿದ್ರು, ಡಚ್ಚರು ಬಂದ ಮ್ಯಾಲ ಎರಡು ವರ್ಷದಾಗ ಮತ್ತ ಎಬ್ಬಿಸಿದ್ರು. 1968ರಾಗ ನಾನೂರು ವರ್ಷ ತುಂಬಿದಾಗ ಇಂದಿರಾ ಗಾಂಧಿಯವರು ಬಂದಿದ್ರಂತ, ಆ ವರ್ಷ ಅಂಚೆ ಇಲಾಖೆ ಸ್ಟ್ಯಾಂಪೂ ತಗದೈತಿ.

ಒಳಗ ಹೋಗೋರು ಚಪ್ಪಲಿ ಬಿಡಬೇಕು. ಬ್ಯಾರೆ ದೇಶದ ಭಾಳಷ್ಟು ಸಿನಗಾಗ್‌ಗಳಾಗ ಹಂಗಿಲ್ಲ, ಕೇರಳದ ಯಹೂದಿಗಳು ಬರಿಗಾಲಾಗ ಪ್ರಾರ್ಥನಾ ಮಾಡ್ಕೋತ ಬಂದಾರ, ನಮ್ಮ ಗುಡಿ ಪದ್ಧತಿನ ಅವರಿಗೂ ಹತ್ತಿರಬೇಕು. ನಾವಂತೂ ಮಾಲಾಧಾರಿಗಳು, ಚಪ್ಪಲಿ ಮಾತ ಇರಲಿಲ್ಲ, ಸೀದಾ ಒಳಗ ಹೋದ್ವಿ. ಕಾಲಿಗೆ ತಂಪು ಹತ್ತಿತು. ಬಗ್ಗಿ ನೋಡಿದ್ರ ನೆಲ ಪೂರ್ತಿ ಬಿಳಿ ಮ್ಯಾಲ ನೀಲಿ ಚಿತ್ರದ ಚೀನಾ ಟೈಲ್ಸ್, 18ನೇ ಶತಮಾನದಾಗ ಹಡಗಿನ್ಯಾಗ ತರಿಸಿದ್ದು, ಒಂದೊಂದೂ ಕೈಲೆ ಬರದದ್ದು. ಎಲೆಯ ಗೆರಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಕುಂಚದಾಗ ಬಣ್ಣ ಮುಗಿಯೋ ಹೊತ್ತಿಗೆ ಗೆರಿ ತೆಳುವಾಗಿದ್ದು ಸುದ್ದಾ ಕಾಣ್ತೈತಿ. ಮ್ಯಾಲ ಬೆಲ್ಜಿಯಂ ಗಾಜಿನ ದೀಪ ತೂಗು ಹಾಕ್ಯಾರ. ನಡುವ ಹಿತ್ತಾಳಿ ಕಂಬಿಯ ಕಟ್ಟಿ, ಅಲ್ಲಿ ನಿಂತು ಅವರ ಧರ್ಮಗ್ರಂಥ ತೋರಾ ಓದ್ತಾರ. ಪಶ್ಚಿಮದ ಗೋಡಿಗೆ ಕೆತ್ತನಿ ಕಪಾಟು, ಅದರಾಗ ತೊಗಲಿನ ಮ್ಯಾಲ ಕೈಲೆ ಬರದ ತೋರಾ ಸುರುಳಿ. ಪಶ್ಚಿಮಕ್ಕ ಯಾಕಂದ್ರ ಜೆರುಸಲೇಂ ಆ ದಿಕ್ಕಿಗೆ ಐತಿ. ಹೆಣ್ಮಕ್ಕಳಿಗೆ ಮ್ಯಾಲ ಅಟ್ಟದ ಮ್ಯಾಲ ಜಾಗ. ತಿರುವಾಂಕೂರು ಅರಸ 1805ರಾಗ ತೋರಾ ಸುರುಳಿಗೆ ಬಂಗಾರದ ಕಿರೀಟ ಕೊಟ್ಟಾನ, ಹಿಂದೂ ಅರಸ ಯಹೂದಿ ಗ್ರಂಥಕ್ಕ ಕೊಟ್ಟ ಕಿರೀಟ ಅದು.

ಇವೆಲ್ಲ ಚಂದ ಅದಾವು, ಖರೇನ. ಆದ್ರ ನನ್ನ ತಲಿಯಾಗ ಕೂತಿದ್ದು ಹೊರಗಿನ ಗೋಡೆದಾಗ ಕೂಡಿಸಿದ ಒಂದು ಕಲ್ಲು. ಅದರ ಮುಂದ ಯಾರೂ ನಿಂದ್ರಾಂಗಿಲ್ಲ, ಎಲ್ಲಾರೂ ಟೈಲ್ಸ್ ಕಡೆ ಓಡ್ತಾರ. ಹೀಬ್ರೂ ಅಕ್ಷರ ಕೊರದ ಕಲ್ಲು. 1344ರಾಗ ಕೊಚ್ಚಂಗಾಡಿ ಅನ್ನೋ ಕಡೆ ಕಟ್ಟಿದ ಸಿನಗಾಗ್‌ನದ್ದು ಅದು. ಆ ಸಿನಗಾಗ್ ಈಗ ಇಲ್ಲ, ಗೋಡಿ ಇಲ್ಲ, ಮಾಡ ಇಲ್ಲ, ಏನೇನೂ ಇಲ್ಲ. ಆದ್ರ ಕಲ್ಲು ಉಳದೈತಿ, ಅದರ ಮ್ಯಾಲ ವರ್ಷ ಐತಿ, ಕಲ್ಲು ಎಲ್ಲಿಂದ ಬಂತು ಅಂತ ಗೊತ್ತೈತಿ, ಅದಕ್ಕ ಕೊಚ್ಚಿದಾಗ 1344ಕ್ಕೇ ಯಹೂದಿಗಳು ಗುಡಿ ಕಟ್ಟಿದ್ರು ಅಂತ ಇವತ್ತು ಯಾರು ಬೇಕಾದ್ರೂ ಎದಿ ತಟ್ಟಿ ಹೇಳಬಹುದು. ಹಿಂದಿನವರು ಯಾರೋ ಒಬ್ರು ಆ ಕಲ್ಲನ್ನ ಮನಿ ಪಾಯಕ್ಕ ಹಾಕದ, ಎತ್ತಿಕೊಂಡು ಬಂದು, ಕಣ್ಣಿಗೆ ಕಾಣೋ ಎತ್ತರದಾಗ ಕೂಡಿಸ್ಯಾರಲ್ರೀ, ಅಷ್ಟ ಕೆಲಸ. ಅದೊಂದು ಆಗದ ಇದ್ದಿದ್ರ ಆ ಇತಿಹಾಸನ ಇರ್ತಿರಲಿಲ್ಲ.

ಆ ವರ್ಷದ ಹಿಂದ ದೊಡ್ಡ ಕತಿ ಐತಿ. ಯಹೂದಿಗಳು ಮೊದಲು ಇದ್ದದ್ದು ಕೊಚ್ಚಿಯಾಗ ಅಲ್ಲ, ಅದರ ಉತ್ತರಕ್ಕ ಕೊಡುಂಗಲ್ಲೂರಿನ್ಯಾಗ, ರೋಮ್ ಮಂದಿ ಮುಜಿರಿಸ್ ಅಂತಿದ್ದ ಬಂದರು ಅದ ಕಡೆಯದು ಅಂತಾರ. ಕ್ರಿ.ಶ. 1000ದ ಸುಮಾರಿಗೆ ಚೇರ ಅರಸ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಅನ್ನೋ ಯಹೂದಿ ವ್ಯಾಪಾರಿಗೆ ತಾಮ್ರಪಟ ಬರಸಿ ಕೊಟ್ಟಾನ, ಅದರಾಗ 72 ಹಕ್ಕು, ಹಗಲು ದೀಪ, ಪಲ್ಲಕ್ಕಿ, ಛತ್ರಿ, ಸುಂಕ ಮಾಫಿ ಅಂತ. ಆ ಪಟ ಪರದೇಶಿ ಸಿನಗಾಗ್‌ನವರ ಹತ್ರ ಐತಿ, 2017ರಾಗ ನಮ್ಮ ಪ್ರಧಾನಿ ಇಸ್ರೇಲಿಗೆ ಹೋದಾಗ ಅದರ ನಕಲು ಕಾಣಿಕಿ ಒಯ್ದಿದ್ರು. ಮುಂದ 1341ರಾಗ ಪೆರಿಯಾರ್ ಹೊಳಿಗೆ ಮಹಾಪೂರ ಬಂದು ಆ ಹಳೇ ಬಂದರು ಹೂಳು ತುಂಬಿ ಹೋತು, ಕೊಚ್ಚಿ ಕಡೆ ಹೊಸಾ ಬಂದರು ಬಾಯಿ ತಗೀತು. ಮೂರ ವರ್ಷಕ್ಕ ಕೊಚ್ಚಂಗಾಡಿ ಗುಡಿ. ವ್ಯಾಪಾರಸ್ಥರು ಬಂದರಿನ ಹಿಂದ ಬಂದಾರ, ಗುಡಿ ಅವರ ಹಿಂದ ಬಂದೈತಿ. ಒಂದು ಕಲ್ಲಿನ ವರ್ಷ ಗೊತ್ತಿದ್ರ ಇಷ್ಟೆಲ್ಲಾ ಜೋಡಿಸಬಹುದು ನೋಡ್ರಿ.

ಇನ್ನೊಂದು ಮಾತು ಬಿಡಂಗಿಲ್ಲ. ಈ ಸಿನಗಾಗ್‌ನ ಒಳಗೂ ಮೇಲು ಕೀಳು ಇತ್ತು. ಸ್ಪೇನ್ ಪೋರ್ಚುಗಲ್ ಕಡೆಯಿಂದ ಆಮ್ಯಾಲ ಬಂದ ಪರದೇಶಿಗಳು, ಮೊದಲಿಂದ ಇದ್ದ ಮಲಬಾರಿ ಯಹೂದಿಗಳನ್ನ ತಮ್ಮ ಸಮ ಅಂತ ಒಪ್ಪಲಿಲ್ಲ. ಗುಲಾಮಗಿರಿಯಿಂದ ಬಿಡುಗಡಿ ಆದವರ ವಂಶದವರಿಗಂತೂ ಒಳಗ ಬೆಂಚಿನ ಮ್ಯಾಲ ಕುಂದ್ರೋ ಹಕ್ಕು ಇರಲಿಲ್ಲ, ತೋರಾ ಓದೋ ಹಕ್ಕು ಇರಲಿಲ್ಲ. ಆ ವಂಶದಾಗ ಹುಟ್ಟಿ ವಕೀಲರಾದ ಎ.ಬಿ. ಸೇಲಂ ಅನ್ನೋರು ಗಾಂಧೀಜಿ ದಾರಿದಾಗ ಸತ್ಯಾಗ್ರಹ ಮಾಡಿ ಆ ಹಕ್ಕು ತಗೊಂಡ್ರು. ಅವರಿಗೆ ಯಹೂದಿ ಗಾಂಧಿ ಅಂತಿದ್ರು. ಕೇರಿ ಮಂದಿ ಗುಡಿ ಬಾಗಿಲ ಹೊರಗ ನಿಂತದ್ದನ್ನ ಕಂಡ ನಮಗ ಇದು ಭಾಳ ಹತ್ತಿರದ್ದು ಅನಿಸ್ತೈತಿ. ಹಳೇ ಗುಡಿ ತೋರಿಸೋರು ಟೈಲ್ಸ್ ಎಷ್ಟು, ದೀಪ ಎಲ್ಲಿಂದ ಬಂತು ಅಂತಷ್ಟ ಹೇಳಿದ್ರ ಸಾಲಂಗಿಲ್ಲ, ಯಾರನ್ನ ಎಲ್ಲಿ ಕುಂದ್ರಿಸಿದ್ರು ಅನ್ನೋದನ್ನೂ ಹೇಳಬೇಕು. ನಮ್ಮ ಗುಡಿಗಳ ಬೋರ್ಡ್ ಮ್ಯಾಲೂ ಇದು ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮರುದಿನ ಗುರುವಾಯೂರಿನ ದಾರಿದಾಗ ಪರವೂರ್ ಹತ್ರ ಚೇಂದಮಂಗಲಂ ಅಂತ ಊರು, ಗುಡ್ಡದ ಬುಡಕ್ಕ ಸಿನಗಾಗ್. ಅಲ್ಲಿ ಈಗ ಪ್ರಾರ್ಥನಿ ಇಲ್ಲ, ಯಾಕಂದ್ರ ಪ್ರಾರ್ಥನಿ ಮಾಡೋ ಮಂದಿ ಇಲ್ಲ. ಇಸ್ರೇಲ್ ದೇಶ ಆದ ಮ್ಯಾಲ, ಅದರಾಗೂ 1954-55ರ ಸುಮಾರಿಗೆ, ಊರಿಗೂರ ಎದ್ದು ಹೋದ್ರು. ಯಾರೂ ಓಡಿಸಿದ್ದಲ್ಲ, ಕೇರಳದಾಗ ನೆರೆಹೊರೆಯವರು ಅವರಿಗೆ ತ್ರಾಸು ಕೊಟ್ಟಿದ್ದಿಲ್ಲ, ತಮ್ಮ ಧರ್ಮದ ನೆಲ ಅಂತ ಹೋದ್ರು. ಬೀಗ ಬಿದ್ದ ಕಟ್ಟಡ ಮಳೀಗೆ ಸೋರಿ ಹಾಳಾಗಿತ್ತು, ಸರ್ಕಾರ ರಿಪೇರಿ ಮಾಡಿ ಮ್ಯೂಸಿಯಂ ಮಾಡೈತಿ, ಪರವೂರಿನದ್ದೂ ಮುಜಿರಿಸ್ ಯೋಜನೆ ಒಳಗ ಹಂಗ ಮಾಡ್ಯಾರ. ಚೇಂದಮಂಗಲದಾಗ ಮರದ ಮಾಡಕ್ಕ ಕಮಲದ ಹೂವು ಕೆತ್ತಿ ಬಣ್ಣ ಹಚ್ಚ್ಯಾರ, ನಮ್ಮ ಕಡೆ ಗುಡಿ ಛಾವಣಿ ನಡುವ ಇರ್ತೈತಲ್ಲ, ಅದ ಕಮಲ.

ಅದರ ಅಂಗಳದಾಗ ಒಂದು ಸಮಾಧಿ ಕಲ್ಲು ನಿಲ್ಲಿಸ್ಯಾರ. ಸಾರಾ, ಇಸ್ರೇಲನ ಮಗಳು, 1269. ಭಾರತದಾಗ ಸಿಕ್ಕ ಹೀಬ್ರೂ ಸಮಾಧಿ ಕಲ್ಲಿನ್ಯಾಗ ಇದ ಅತೀ ಹಳೇದು ಅಂತಾರ. ಆಕಿ ರಾಣಿ ಅಲ್ಲ, ದಾನ ಕೊಟ್ಟ ಸಾಹುಕಾರ್ತಿ ಅಂತಲೂ ಗೊತ್ತಿಲ್ಲ, ಯಾರದೋ ಮಗಳು, ಸತ್ತಳು, ಮನಿಯವರು ಕಲ್ಲು ಹಾಕಿಸಿದ್ರು. ಅಷ್ಟಕ್ಕ ಕೇರಳದವರು ಎಷ್ಟು ಮರ್ಯಾದಿ ಕೊಟ್ಟಾರ! ಸುತ್ತ ಕಟ್ಟಿ, ಹೆಸರು ಬರದ ಫಲಕ. ನಮ್ಮ ಗುರುಸ್ವಾಮಿಗಳು ಆ ಕಲ್ಲಿನ ಮುಂದ ಹೊತ್ತು ನಿಂತು ನಮಸ್ಕಾರ ಮಾಡಿದ್ರು.

ಕೇರಳದಾಗ ಎಲ್ಲಾ ಸರಿ ಐತಿ ಅಂತ ನಾನು ಹೇಳಂಗಿಲ್ಲ. ಅದ ಮಟ್ಟಾಂಚೇರಿದಾಗ ಕಡವುಂಭಾಗಂ ಅಂತ ಇನ್ನೊಂದು ಸಿನಗಾಗ್ ಇತ್ತು, ಅದು ಪರದೇಶಿಗಿಂತ ಹಳೇದು. ಮಂದಿ ಹೋದ ಮ್ಯಾಲ ಕೈ ಬದಲಾಗಿ ನಾರಿನ ಗೋಡೌನ್ ಆತು, ಒಳಗಿನ ಕೆತ್ತನಿ ಮರ ಎಲ್ಲಾ 1990ರ ದಶಕದಾಗ ಜೆರುಸಲೇಂನ ಇಸ್ರೇಲ್ ಮ್ಯೂಸಿಯಂಗೆ ಹೋತು, ಉಳಿದ ಗೋಡಿ 2019ರ ಮಳಿಗಾಲದಾಗ ಕುಸಿದು ಬಿತ್ತು. ಮಾಳ ಅನ್ನೋ ಊರಾಗ ಬ್ಯಾರೆ ಆತು, ಅಲ್ಲಿ ಯಹೂದಿಗಳು ಹೋಗೋ ಮುಂದ 1955ರಾಗ ಸಿನಗಾಗ್ ಮತ್ತ ಸ್ಮಶಾನ ಎರಡನ್ನೂ ಕರಾರು ಬರದು ಪಂಚಾಯ್ತಿ ಕೈಗೆ ಒಪ್ಪಿಸಿದ್ರು. ಅಂದ್ರ ಇದು ಧರ್ಮದ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆನೂ ಪೂರ್ತಿ ಅಲ್ಲ, ನೋಡ್ಕೊಳ್ಳೋರು ಯಾರು ಅಂತ ಒಂದು ಹೆಸರು ಇರಬೇಕು. ಹೆಸರು ಇದ್ದಲ್ಲಿ ಉಳೀತು, ಇಲ್ಲದಲ್ಲಿ ಬಿತ್ತು. ಪರದೇಶಿ ಸಮುದಾಯದ ಕೊನೀ ಹೆಣ್ಮಗಳು 2024ರಾಗ ತೀರಿಕೊಂಡ್ರು. ಪೂರ್ತಿ ಸಾಮೂಹಿಕ ಪ್ರಾರ್ಥನಿಗೆ ಹತ್ತು ಮಂದಿ ಗಂಡಸರು ಕೂಡಬೇಕು, ಊರವರಷ್ಟರಿಂದ ಅದು ಕೂಡಂಗಿಲ್ಲ, ಹೊರಗಿಂದ ಬಂದ ಯಹೂದಿಗಳು ಸೇರಿದ್ರ ಆತು. ಆದ್ರೂ ದಿನಾ ಬಾಗಿಲು ತಗೀತಾರ, ನೆಲ ಒರಸ್ತಾರ.

ಊರಿಗೆ ಬಂದ ಮ್ಯಾಲ ಇದರ ಬಗ್ಗೆ ಓದ್ಕೋತ ಹೋದೆ, ಆವಾಗ ನಮ್ಮ ಕರ್ನಾಟಕದ್ದ ಒಂದು ಸಂಗತಿ ಸಿಕ್ತು, ಲೆಕ್ಕ ಬರಿಯೋನಾಗಿ ನನಗ ಅದು ಭಾಳ ಹಿಡಿಸ್ತು. ಈಜಿಪ್ಟಿನ ಕೈರೋದಾಗ ಬೆನ್ ಎಜ್ರಾ ಅಂತ ಮಧ್ಯಕಾಲದ ಸಿನಗಾಗ್ ಐತಿ. ದೇವರ ಹೆಸರು ಬರದಿರಬಹುದಾದ ಕಾಗದ ಒಗೀಬಾರದು ಅಂತ ಅಲ್ಲಿ ಮಂದಿ ಹಳೇ ಕಾಗದ ಎಲ್ಲಾ ಒಂದು ಕೋಣ್ಯಾಗ ಹಾಕ್ಕೋತ ಬಂದ್ರು, ನೂರಾರು ವರ್ಷ. ಧರ್ಮದ ಕಾಗದ ಅಷ್ಟ ಅಲ್ಲ, ವ್ಯಾಪಾರದ ಪತ್ರ, ಸಾಲದ ಚೀಟಿ, ಮದಿವಿ ಕರಾರು ಎಲ್ಲಾ. 1896-97ರಾಗ ಕೇಂಬ್ರಿಜ್‌ನ ವಿದ್ವಾಂಸ ಸಾಲೊಮನ್ ಶೆಕ್ಟರ್ ಅದರಾಗಿನ ಲಕ್ಷಕ್ಕೂ ಹೆಚ್ಚು ಚೂರು ಕಾಗದ ತಗೊಂಡು ಹೋದ, ಓದೋರು ಓದ್ಕೋತ ಹೋದಂಗ ಮಂಗಳೂರಿನ ಹೆಸರು ಬಂತು! ಅಬ್ರಹಾಂ ಬೆನ್ ಯಿಜು ಅಂತ ಟುನೀಶಿಯಾದ ಯಹೂದಿ ವ್ಯಾಪಾರಿ 12ನೇ ಶತಮಾನದಾಗ ಹದಿನೈದು ವರ್ಷಕ್ಕೂ ಹೆಚ್ಚು ಮಂಗಳೂರು ಸೀಮಿಯಾಗ ಇದ್ದ. ಮೆಣಸು, ಅಡಕಿ, ಕಬ್ಬಿಣ ಕಳಸ್ತಿದ್ದ, ಹಿತ್ತಾಳಿ ಕಂಚಿನ ಕಾರ್ಖಾನಿ ನಡಸ್ತಿದ್ದ, ಏಡನ್ ಬಂದರಿನಿಂದ ಒಡದ ತಾಮ್ರದ ಸಾಮಾನು ಬರ್ತಿತ್ತು, ಇಲ್ಲಿ ಕರಗಿಸಿ ಹೊಸಾ ಪಾತ್ರಿ ಮಾಡಿ ತಿರುಗಿ ಕಳಸ್ತಿದ್ರು. ಏಡನ್‌ನ ಪಾಲುದಾರ ಅವನಿಗೆ ಸಕ್ರಿ, ಒಣದ್ರಾಕ್ಷಿ, ಬರಿಯೋ ಕಾಗದ ಕಾಣಿಕಿ ಕಳಸ್ತಿದ್ದ. ಅವನ ಪರವಾಗಿ ಹಡಗು ಹತ್ತಿ ಏಡನ್‌ಗೆ ಹೋಗಿ ಬರೋ ಆಳಿನ ಹೆಸರು ಬೊಮ್ಮ ಅಂತ ವಿದ್ವಾಂಸರು ಓದ್ಯಾರ, ಪತ್ರದ ಕೊನಿಗೆ ಅವನಿಗೂ ಸಲಾಂ ಬರದಿರ್ತಾರ. 1132ರ ಅಕ್ಟೋಬರ್‌ನಾಗ ಬೆನ್ ಯಿಜು ಆಶು ಅನ್ನೋ ಈ ಕಡೆ ಹೆಣ್ಮಗಳನ್ನ ದಾಸ್ಯದಿಂದ ಬಿಡುಗಡಿ ಮಾಡಿ ಮಂಗಳೂರಿನ್ಯಾಗ ಪತ್ರ ಬರದ, ಆಕಿ ಮುಂದ ಅವನ ಮಕ್ಕಳ ತಾಯಿ ಆದಳು.

ನಮ್ಮ ಇಟಗಿ ಮಹಾದೇವ ಗುಡಿ ಕಟ್ಟಿದ್ದು 1112ರಾಗ. ಅಂದ್ರ ಆಶುವಿನ ಬಿಡುಗಡಿ ಪತ್ರ ಬರಿಯೋ ಹೊತ್ತಿಗೆ ಇಟಗಿ ಗುಡಿಗೆ ಇಪ್ಪತ್ತು ವರ್ಷ. ಬೊಮ್ಮ ಹಡಗಿನ್ಯಾಗ ಇದ್ದ ಕಾಲದಾಗ ಬಸವಣ್ಣನವರು ಹುಟ್ಟಿ ಬೆಳೀತಿದ್ದಿರಬೇಕು. ಈ ಹೆಸರುಗಳು ನಮಗ ಸಿಕ್ಕಿದ್ದು ಯಾಕಂದ್ರ ಕೈರೋದ ಒಂದು ಗುಡಿಯವರು ಚೀಟಿ ಚಪಾಟಿ ಒಗೀಲಿಲ್ಲ, ಅದಕ್ಕ.

ಈಗ ನಮ್ಮ ಜಿಲ್ಲೆಗೆ ಬರೋಣು. ಕೊಪ್ಪಳ ಒಂದು ಕಾಲಕ್ಕ ಜೈನರಿಗೆ ಮಹಾತೀರ್ಥ, ಕೊಪಣ ಅಂತ ಹೆಸರು. 772 ಬಸದಿ ಇದ್ವು ಅಂತ ಹಿರಿಯರು ಹೇಳ್ತಾರ. ಕವಿರಾಜಮಾರ್ಗದಾಗ ಕನ್ನಡದ ತಿರುಳು ಅಂತ ಹೇಳೋ ಸೀಮಿಯ ನಾಕು ಊರಾಗ ಮಹಾಕೊಪಣನಗರ ಒಂದು. ಇವತ್ತು ಇಲ್ಲಿ ಜೈನರ ಮನಿ ಎಷ್ಟು ಉಳದಾವು, ನೀವ ನೋಡ್ರಿ. ಬಸದಿ ಹೋದ್ವು, ಮಂದಿ ಹೋದ್ರು, ಕೊಚ್ಚಿ ಯಹೂದಿಗಳಂಗ ಅವರೂ ಕಲ್ಲು ಬಿಟ್ಟು ಹೋಗ್ಯಾರ. ಪಾಲ್ಕಿಗುಂಡು ಹತ್ತಿದ್ರ ಅಶೋಕನ ಶಾಸನ ಒಂದ ಅಲ್ಲ, ಬಂಡಿಗಲ್ಲಿನ ಮ್ಯಾಲ ಒಂದು ಜೋಡಿ ಪಾದ ಕೆತ್ತ್ಯಾರ, ಅಲ್ಲೇ ಹಳಗನ್ನಡದಾಗ ಬರಹ, ಜಟಾಸಿಂಗನಂದಿ ಆಚಾರ್ಯರ ಪಾದವನ್ನ ಚಾವಯ್ಯ ಮಾಡಿಸಿದ ಅಂತ. ಜಟಾಸಿಂಹನಂದಿ ಸಂಸ್ಕೃತದಾಗ ಕಾವ್ಯ ಬರದ ದೊಡ್ಡ ಮುನಿ, ಅವರ ಹೆಸರು ಸಾಹಿತ್ಯ ಓದಿದವರಿಗೆ ಗೊತ್ತು. ಚಾವಯ್ಯ ಯಾರು? ಗುರುವಿನ ಮ್ಯಾಲ ಭಕ್ತಿ ಇಟ್ಟ ಒಬ್ಬ ಮನುಷ್ಯಾ, ಅಷ್ಟ. ಚೇಂದಮಂಗಲದ ಸಾರಾಗ ಸಿಕ್ಕ ಮರ್ಯಾದಿ ನಮ್ಮ ಚಾವಯ್ಯಗ ಯಾಕ ಸಿಗಬಾರದು? ಗವಿಮಠದ ಗುಡ್ಡದ ಮ್ಯಾಲೂ ಅಶೋಕನ ಶಾಸನ ಐತಿ. ಗವಿಸಿದ್ಧೇಶ್ವರ ಜಾತ್ರಿಗೆ ಲಕ್ಷಗಟ್ಟಲೆ ಮಂದಿ ಬರ್ತಾರ, ಪ್ರಸಾದ ಮಾಡ್ತಾರ, ತೇರಿಗೆ ಉತ್ತತ್ತಿ ಒಗೀತಾರ, ಎರಡು ಸಾವಿರ ವರ್ಷದ ಮ್ಯಾಲಿನ ಅಕ್ಷರ ತಮ್ಮ ತಲಿ ಮ್ಯಾಲಿನ ಗುಡ್ಡದಾಗ ಐತಿ ಅಂತ ಎಷ್ಟು ಮಂದಿಗೆ ಗೊತ್ತು? ರಾಯಚೂರು ಜಿಲ್ಲೆ ಮಸ್ಕಿದಾಗ 1915ರಾಗ ಸಿಕ್ಕ ಒಂದು ಬಂಡಿಗಲ್ಲು ಓದಿದ್ದಕ್ಕ, ಶಾಸನಗಳಾಗ ಬರೋ ದೇವಾನಾಂಪ್ರಿಯ ಅನ್ನೋ ಅರಸ ಅಂದ್ರ ಅಶೋಕನ ಅಂತ ಇಡೀ ಜಗತ್ತಿಗೆ ಖಾತ್ರಿ ಆತು. ಬಳ್ಳಾರಿ ಜಿಲ್ಲೆ ನಿಟ್ಟೂರು, ಉಡೆಗೋಳದಾಗೂ ಅಶೋಕನ ಹೆಸರಿನ ಕಲ್ಲು ಸಿಕ್ಕಾವು. ಇಂಥಾ ನೆಲದಾಗ ಮಂದಿ ಕಲ್ಲು ಅಂದ್ರ ಬರೇ ಕಲ್ಲು ಅಂತ ತಿಳೀಬಾರದು.

ನಮ್ಮ ತಾಯಿ ತವರೂರು ಕುಕನೂರು ಕಡೆ ಒಂದು ಸಣ್ಣ ಹಳ್ಳಿ, ಹೆಸರು ಇಲ್ಲಿ ಬರಿಯಂಗಿಲ್ಲ, ನಿಧಿಗಳ್ಳರಿಗೆ ದಾರಿ ತೋರಿಸಿದಂಗ ಆಗ್ತೈತಿ. ಊರ ಹೊರಗ ಹಾಳುಬಾವಿ ದಂಡಿಗೆ ಒಂದು ಕಲ್ಲು ಓರಿ ಬಿದ್ದೈತಿ. ಮ್ಯಾಲ ಮುಕ್ಕೊಡಿ, ಅಂದ್ರ ಮೂರು ಛತ್ರಿ, ಅದರ ಕೆಳಗ ಕುಂತ ಜಿನ, ಮುಖ ಸವದು ಹೋಗೈತಿ, ಎರಡೂ ಮಗ್ಗಲಕ್ಕ ಚಾಮರದವರು. ಅದರ ಕೆಳಗ ಬರಹ ಶುರು. ನಡು ಹಗಲು ನೋಡಿದ್ರ ಏನೂ ಕಾಣಂಗಿಲ್ಲ, ಸಂಜಿ ಬಿಸಿಲು ಓರಿಯಾಗಿ ಬಿದ್ದಾಗ ಅಕ್ಷರ ಎದ್ದು ನಿಂದ್ರತಾವು, ಮೊದಲ ಸಾಲಿನ್ಯಾಗ ಸ್ವಸ್ತಿ ಅಂತ ನನ್ನಂಥಾವನಿಗೂ ಓದಾಕ ಬರ್ತೈತಿ. ಮೂರನೇ ಸಾಲಿನ ನಟ್ಟನಡುವ ಯಾರೋ ಉಳಿಲೆ ತೂತು ಹೊಡದಾರ, ಎಮ್ಮಿ ಹಗ್ಗ ಕಟ್ಟಾಕಂತ. ಉಳಿದದ್ದು ಮಣ್ಣಾಗ ಹೂತೈತಿ. ಬಾವ್ಯಾಗ ನೀರಿದ್ದಾಗ ಹೆಣ್ಮಕ್ಕಳು ಅದರ ಮ್ಯಾಲ ಅರಿವಿ ಕುಕ್ಕತಿದ್ರು, ಅವರದೇನು ತಪ್ಪಿಲ್ಲ, ಅದು ಏನು ಅಂತ ಯಾರೂ ಅವರಿಗೆ ಹೇಳಿಲ್ಲ. ಹೋದ ವರ್ಷ ಅದರ ಬುಡಕ್ಕ ರಾತ್ರಿ ಯಾರೋ ಅಗದು ಹೋಗ್ಯಾರ, ಕೆಳಗ ಬಂಗಾರ ಐತಿ ಅಂತ. ಬಂಗಾರ ಮ್ಯಾಲ ಬರದೈತಿ, ಅದನ್ನ ಓದೋರಿಲ್ಲ. ನಾವು ಒಂದು ಅರ್ಜಿ ಕೊಟ್ಟೀವಿ, ಅದಕ್ಕ ಇನ್ನೂ ಉತ್ತರ ಬಂದಿಲ್ಲ.

ನಮ್ಮ ಬೇಡಿಕಿ ದೊಡ್ಡದಲ್ಲ. ಕೋಟಿ ರೂಪಾಯಿ ಮ್ಯೂಸಿಯಂ ಈಗ ಬ್ಯಾಡ. ಪ್ರತಿ ಗ್ರಾಮ ಪಂಚಾಯ್ತಿ ತನ್ನ ಸರಹದ್ದಿನ್ಯಾಗ ಯಾವ ಯಾವ ಕಲ್ಲು ಎಲ್ಲೆಲ್ಲಿ ಅದಾವು ಅಂತ ಒಂದು ರಿಜಿಸ್ಟರ್ ಬರೀಲಿ, ಫೋಟೋ ಹಚ್ಚಲಿ, ನೋಡ್ಕೊಳ್ಳೋ ಒಬ್ಬರ ಹೆಸರು ಅದರಾಗ ಇರಲಿ. ಬಂಡಿ ಮ್ಯಾಲ ಕೊರದದ್ದು ಇದ್ದಲ್ಲೇ ಇರಲಿ, ಅಲುಗಾಡಿಸೋ ಮಾತ ಇಲ್ಲ. ಬಿಡಿ ಕಲ್ಲು ಹಾಳಾಗೋ ಜಾಗದಾಗ ಇದ್ರ ಮಾತ್ರ ಪುರಾತತ್ವ ಇಲಾಖೆಯವರ ಕಣ್ಮುಂದ ಎತ್ತಿ ಪಂಚಾಯ್ತಿ ಅಥವಾ ಶಾಲಿ ಅಂಗಳದಾಗ ಕಟ್ಟಿ ಕಟ್ಟಿ ನಿಲ್ಲಿಸಲಿ, ಮ್ಯಾಲ ತಗಡು ಹೊದಿಸಲಿ. ಎಲ್ಲಿಂದ ಎತ್ತಿದ್ದು ಅಂತ ಕಡ್ಡಾಯ ಬರೀಬೇಕು, ಇದು ಬಿಟ್ರ ಕಲ್ಲು ಅನಾಥ ಆಗ್ತೈತಿ, ಕೊಚ್ಚಂಗಾಡಿ ಕಲ್ಲಿಗೆ ಬೆಲಿ ಇರೋದ ಅದು ಕೊಚ್ಚಂಗಾಡಿದು ಅಂತ ಗೊತ್ತಿರೋದಕ್ಕ. ಬೋರ್ಡ್ ಕನ್ನಡದಾಗ ಇರಲಿ, ದಪ್ಪ ಅಕ್ಷರ, ಶಾಸನದಾಗ ಏನೈತೋ ಅದು ಹಂಗ ಒಂದು ಸಲ, ಈಗಿನ ಮಾತಿನ್ಯಾಗ ಒಂದು ಸಲ. ಸಂರಕ್ಷಿತ ಸ್ಮಾರಕ, ಹಾಳು ಮಾಡಿದ್ರ ಶಿಕ್ಷೆ ಅಂತ ನೀಲಿ ಬೋರ್ಡ್ ಹಾಕಿದ್ರ ಮಂದಿ ಹೆದರಿ ದೂರ ಹೋಗ್ತಾರ, ಹತ್ರ ಬರಂಗಿಲ್ಲ. ಜಾತ್ರಿ ದಿನಗಳಾಗ ಕಾಲೇಜ್ ಹುಡುಗರನ್ನ ಗವಿಮಠದ ಗುಡ್ಡದ ಮ್ಯಾಲ ನಿಲ್ಲಿಸಿ ಬಂದವರಿಗೆ ಶಾಸನ ಓದಿ ಹೇಳಸ್ರಿ, ಖರ್ಚು ಏನೂ ಇಲ್ಲ.

ಕೆಲವರು ಕೇಳ್ತಾರ, ಕುಡಿಯೋ ನೀರಿಗೆ ದುಡ್ಡಿಲ್ಲ, ಬಸ್ಸಿಲ್ಲ, ಕಲ್ಲಿಗ್ಯಾಕ ರೊಕ್ಕ ಅಂತ. ನೀರೂ ಬೇಕು, ಬಸ್ಸೂ ಬೇಕು, ಅದಕ್ಕೂ ಜಗಳಾಡ್ತೀವಿ. ಒಂದು ಕಟ್ಟಿ, ನಾಕು ತಗಡು, ಒಂದು ಬೋರ್ಡಿಗೆ ನೀರಿನ ದುಡ್ಡು ಮುಟ್ಟೋದ ಬ್ಯಾಡ. ಇನ್ನು ಕೆಲವರು ಜೈನರ ಕಲ್ಲು ಜೈನರು ನೋಡ್ಕೊಳ್ಳಿ ಅಂತಾರ. ಹಂಗಂದ್ರ ಕೇರಳದಾಗ ಯಹೂದಿಗಳ ಸಿನಗಾಗ್ ರಿಪೇರಿ ಮಾಡ್ಸಿದವರು ಯಾರು, ಅದರ ನೆಲ ದಿನಾ ಒರಸೋರು ಯಾರು ಅಂತ ಅವರು ಒಮ್ಮೆ ಹೋಗಿ ನೋಡಿ ಬರಲಿ.

ನಮ್ಮ ಮಿಲ್ಲಿನ ಮಾಲೀಕರ ಹತ್ರ ಮಾತಾಡೀನಿ. ಕಲ್ಲು ಎತ್ತಾಕ ಚೈನ್ ಪುಲ್ಲಿ, ಸಾಗಿಸಾಕ ಲಾರಿ, ಎರಡೂ ಕೊಡ್ತೀನಿ ಅಂದಾರ, ಡೀಸೆಲ್ ಸುದ್ದಾ ಅವರದ. ನಮ್ಮ ಹಮಾಲರು ಭಾನುವಾರ ಕೂಲಿ ಇಲ್ಲದ ಬರ್ತೀವಿ ಅಂತ ಒಪ್ಪ್ಯಾರ, ಕ್ವಿಂಟಲ್ ಚೀಲ ಬೆನ್ನ ಮ್ಯಾಲ ಹೊತ್ತು ಪಳಗಿದವರು, ಕಲ್ಲಿಗೆ ಒಂದು ಗೀರೂ ಬೀಳಂಗಿಲ್ಲ. ಆ ಹಳ್ಳಿ ಶಾಲಿ ಹೆಡ್ ಮಾಸ್ತರು ಅಂಗಳದಾಗ ಬೇವಿನ ಗಿಡದ ಬಾಜೂಕ ಜಾಗ ತೋರಿಸ್ಯಾರ. ಬೇಕಾಗಿರೋದು ಇಲಾಖೆಯಿಂದ ಒಂದು ಪರ್ಮಿಷನ್ ಕಾಗದ, ಮತ್ತ ಆ ದಿನ ಬಂದು ನಿಂತು ಕಲ್ಲು ಓದಿ ಬರಕೊಳ್ಳೋ ಒಬ್ಬರು ಶಾಸನ ಬಲ್ಲವರು. ಮಳಿಗಾಲ ಹಿಡಿದ್ರ ಬಾವಿ ದಂಡಿ ಕುಸೀತೈತಿ, ಅದಕ್ಕ ಯುಗಾದಿ ಒಳಗ ಆಗಬೇಕು. ಸಂಬಂಧಪಟ್ಟವರು ಈ ಪತ್ರ ಓದಿದ್ರ ನಿಮ್ಮ ಕಚೇರಿಗೆ ತಿಳಸ್ಲಿ, ನನ್ನ ವಿಳಾಸ, ಫೋನ್ ನಂಬರ್, ಕಲ್ಲಿನ ಫೋಟೋ ಬ್ಯಾರೆ ಹಾಳೆದಾಗ ನಿಮಗ ಕಳಿಸೀನಿ, ಅವನ್ನ ಮಾತ್ರ ಛಾಪಿಸಬ್ಯಾಡ್ರಿ.

ಇಂತಿ ನಿಮ್ಮ ಓದುಗ,
ಗಂಗಾವತಿ, ಕೊಪ್ಪಳ ಜಿಲ್ಲೆ